ವೆಲ್ಡಿಂಗ್ ಶೆಡ್ಡಿನಲ್ಲಿ ನಮ್ಮ ಮಾವ್ಶಿ

ನನ್ನ ಮಾವ್ಶಿಯನ್ನು ನಿಮ್ಮ ಮನೆಯ ಮದುವೆಗೆ ಕರೆಯುವ ಮೊದಲು ದಯವಿಟ್ಟು ಎರಡು ಸಲ ಯೋಚಿಸಿ. ಉಡುಗೊರೆ ತರುವುದಿಲ್ಲವೆಂದಲ್ಲ, ತರುತ್ತಾಳೆ. ಊಟದಲ್ಲಿ ಉಪ್ಪು ಹೆಚ್ಚೆಂದು ದೂರುವವಳೂ ಅಲ್ಲ. ಎರಡನೆಯ ಸಲ ಬಡಿಸಿಕೊಂಡು ಅಡುಗೆಯವನನ್ನು ಕರೆಸಿ ಹೊಗಳುತ್ತಾಳೆ. ಆದರೆ ಚಪ್ಪರದ ನಾಲ್ಕು ಮೂಲೆಗಳೂ ಸರಿಯಾಗಿ ತೊಂಬತ್ತು ಡಿಗ್ರಿ ಇವೆಯೇ ಎಂದು ನೋಡದೆ ಅವಳು ಕುರ್ಚಿಯ ಮೇಲೆ ಕೂರುವುದಿಲ್ಲ!

ಮಾವ್ಶಿ ಎಂದರೆ ನಮ್ಮ ಕೊಂಕಣಿಯಲ್ಲಿ ಅಮ್ಮನ ತಂಗಿ. ಕುಲಶೇಖರದಲ್ಲಿ ನಮ್ಮ ಮನೆಗೂ ಅವಳ ಮನೆಗೂ ನಡುವೆ ಒಂದು ಗೋಡೆ, ಆ ಗೋಡೆಯಲ್ಲೊಂದು ಸಣ್ಣ ಗೇಟು. ಆ ಗೇಟು ಮುಚ್ಚಿದ್ದನ್ನು ನಾನು ಹುಟ್ಟಿದಂದಿನಿಂದ ಕಂಡಿಲ್ಲ. (ಮನೆಯಲ್ಲಿ ನಾವು ಮಾತಾಡುವುದು ಕೊಂಕಣಿ. ನಿಮಗೋಸ್ಕರ ಕನ್ನಡಕ್ಕೆ ಇಳಿಸಿದ್ದೇನೆ. ಬೈಗುಳಗಳನ್ನು ಇಳಿಸಿಲ್ಲ, ಅವು ದಾರಿಯಲ್ಲಿ ಉದುರಿಹೋದವು ಎಂದು ತಿಳಿಯಿರಿ.)

ಶಕ್ತಿನಗರದಲ್ಲಿ ನನ್ನ ಕಸಿನ್ ಒಬ್ಬನ ಮದುವೆ. ಹಿಂದಿನ ದಿನದ ರೋಸ್, ಅಂದರೆ ಮದುಮಗನಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಹಾಲಿನ ಬಟ್ಟಲು ಹಿಡಿದುಕೊಂಡು ಎಲ್ಲರೂ ಸಾಲಿನಲ್ಲಿ ನಿಂತಿದ್ದರೆ ಮಾವ್ಶಿ ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು, ಅಲಂಕಾರದ ರಿಬ್ಬನ್ನನ್ನು ಚಪ್ಪರದ ಕಂಬಕ್ಕೆ ಕಟ್ಟಿ ಅಳೆಯುತ್ತಿದ್ದಳು. ಚಪ್ಪರ ಹಾಕಿದವನಿಗೆ ತಾಳ್ಮೆ ಮುಗಿಯಿತು.

"ಬಾಯಮ್ಮ, ಮೂಲೆ ಸ್ವಲ್ಪ ಓರೆ ಆದರೆ ಎಂತ ಆಗ್ತದೆ? ಮದುಮಗ ಓಡಿಹೋಗ್ತಾನಾ?"

"ಓಡಿಹೋದರೆ ಎಷ್ಟು ಡಿಗ್ರಿಯಲ್ಲಿ ಓಡಿದ ಅಂತ ಆದರೂ ಗೊತ್ತಾಗಬೇಡವಾ ಮಾರಾಯ?"

ಮದುಮಗ ಓಡಲಿಲ್ಲ. ಆದರೆ ಎಲ್ಲಾ ಫೋಟೋಗಳಲ್ಲೂ ಅವನ ಹಿಂದೆ ನಮ್ಮ ಮಾವ್ಶಿಯ ಬೆನ್ನು ಇದೆ!

ಕ್ರಿಸ್ಮಸ್ಸಿನ ಕುಸ್ವಾರಿನ, ಅಂದರೆ ಹಬ್ಬದ ತಿಂಡಿಗಳ, ಕಥೆಯೂ ಇಷ್ಟೇ. ಅವನ್ನು ಮಾಡುವಾಗ ಅಮ್ಮ ನೆವ್ರಿಯ, ಅಂದರೆ ಕರ್ಜಿಕಾಯಿಯ, ಹಾಳೆ ಲಟ್ಟಿಸಿ ಬಟ್ಟಲಿನಿಂದ ಟಪಟಪನೆ ದುಂಡಗೆ ಕತ್ತರಿಸುತ್ತಾಳೆ. ಮಾವ್ಶಿ ಆ ಹಾಳೆಯ ಮುಂದೆ ಪೆನ್ಸಿಲ್ ಹಿಡಿದು ಕೂತಳು. ದುಂಡುಗಳನ್ನು ಸಾಲಾಗಿ ಜೋಡಿಸಿದರೆ ಹಿಟ್ಟು ಹೆಚ್ಚು ಉಳಿಯುತ್ತದೆಯೋ, ಜೇನುಗೂಡಿನ ಹಾಗೆ ಜೋಡಿಸಿದರೆ ಹೆಚ್ಚು ಉಳಿಯುತ್ತದೆಯೋ? ಕೊನೆಗೆ ಜೇನುಗೂಡೇ ಗೆದ್ದಿತು. ಹಾಳೆ ಮಾತ್ರ ಅಷ್ಟರಲ್ಲಿ ಒಣಗಿ ಹಪ್ಪಳವಾಗಿತ್ತು. "ಹಿಟ್ಟು ಉಳಿಯಿತು. ಕ್ರಿಸ್ಮಸ್ ಹೋಯಿತು," ಎಂದು ಅಮ್ಮ ಲಟ್ಟಣಿಗೆ ಕೆಳಗಿಟ್ಟಳು.

ಇಂಥ ಮಾವ್ಶಿ ನಗರದ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದಳು. ನಿವೃತ್ತಿಯಾದ ಮೇಲೆ ನಮ್ಮವರು ಸಾಮಾನ್ಯವಾಗಿ ವೇಲಾಂಕಣಿ ಯಾತ್ರೆಗೆ ಹೋಗುತ್ತಾರೆ. ಇವಳು ಐಟಿಐಗೆ ಹೋದಳು!

ಊರಾಚೆಯ ಒಂದು ಸಣ್ಣ ಖಾಸಗಿ ಐಟಿಐ ಅದು. ಅಲ್ಲಿ ವೆಲ್ಡಿಂಗ್ ಕಲಿಯುವವರಿಗೂ ಒಂದು ಗಣಿತದ ಪತ್ರಿಕೆ ಇರುತ್ತದೆ. ಅದರಲ್ಲಿ ಪಾಸಾಗದಿದ್ದರೆ ಕೈ ಎಷ್ಟೇ ಚುರುಕಾಗಿದ್ದರೂ ಸರ್ಟಿಫಿಕೇಟಿಲ್ಲ; ಸರ್ಟಿಫಿಕೇಟಿಲ್ಲದಿದ್ದರೆ ಕೆಲಸವಿಲ್ಲ. ಇದನ್ನು ಕಲಿಸುವುದಕ್ಕೆ ಯಾರೂ ಸಿಗದೆ ಪ್ರಿನ್ಸಿಪಾಲರು ಕಂಗಾಲಾಗಿದ್ದಾಗ ಮಾವ್ಶಿ ಹೋಗಿ ಅವರೆದುರು ಕೂತಳಂತೆ. ಅವರು ಅಂದುಕೊಂಡದ್ದು, ದೇವರು ಕಳಿಸಿದ ಶಾಂತ ಸ್ವಭಾವದ ಹಿರಿಯ ಮಹಿಳೆ ಎಂದು. ಪಾಪ!

ಮೊದಲ ದಿನ ಮೊದಲ ಮಹಡಿಯ ತರಗತಿಯಲ್ಲಿ ಮಾವ್ಶಿ ಕಪ್ಪುಹಲಗೆಯ ಮೇಲೆ ಒಂದು ಲಂಬಕೋನ ತ್ರಿಭುಜ ಬರೆದು ಹಿಂದೆ ತಿರುಗಿದಳು. ಅರ್ಧ ಕ್ಲಾಸು ಡೆಸ್ಕಿನ ಮೇಲೆ ತಲೆಯಿಟ್ಟಿತ್ತು. ಇನ್ನರ್ಧ ಕಿಟಕಿಯಿಂದ ಹೊರಗೆ ನೋಡುತ್ತಿತ್ತು. ಮುಂದಿನ ಸಾಲಿನವನೊಬ್ಬ ಬಹಳ ಮರ್ಯಾದೆಯಿಂದ ಎದ್ದು ನಿಂತು ಹೇಳಿದ:

"ಟೀಚರ್, ಬೇಜಾರು ಮಾಡಬೇಡಿ. ನಾವು ಗಣಿತ ಬೇಡ ಅಂತಲೇ ಇಲ್ಲಿಗೆ ಬಂದದ್ದು."

ಮಾವ್ಶಿ ಆ ಸಂಜೆ ಗೇಟು ದಾಟಿ ಬಂದು ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಧೊಪ್ಪನೆ ಕೂತಳು. ಆಸ್ಪತ್ರೆಯಲ್ಲಿ ನರ್ಸಾಗಿರುವ ನಾನು ಆಗಷ್ಟೇ ಡ್ಯೂಟಿ ಮುಗಿಸಿ ಬಂದಿದ್ದೆ. "ಹುಡುಗರು ದಡ್ಡರಾ ಮಾವ್ಶಿ?" ಎಂದು ಕೇಳಿದೆ.

"ದಡ್ಡರಾ? ನನ್ನ ಕ್ಲಾಸಿನಲ್ಲಿ ಗೊರಕೆ ಹೊಡೆದವನು ಅರ್ಧ ಗಂಟೆಯ ನಂತರ ಕೆಳಗೆ ಶೆಡ್ಡಿನಲ್ಲಿ ತಗಡಿನ ಮೇಲೆ ಚಾಕ್‌ಪೀಸಿನಿಂದ ಗೆರೆ ಹಾಕ್ತಾ ಇದ್ದ ಮಾರಾಯ್ತಿ! ಕೋನ ಹಿಡಿದು, ಅಂಚು ಬಿಟ್ಟು, ಎಷ್ಟು ಚಂದ! ಅವನಿಗೆ ಗಣಿತ ಬರುವುದಿಲ್ಲ ಅಂತ ಯಾರು ಹೇಳಿದ್ದು? ಅದು ಗಣಿತ ಅಂತ ಅವನಿಗೆ ಯಾರೂ ಹೇಳಲಿಲ್ಲ, ಅಷ್ಟೇ."

"ಹಾಗಾದರೆ?"

"ಹಾಗಾದರೆ ಎಂತ? ಅವರು ಮೇಲೆ ಬರುವುದಿಲ್ಲವಾದರೆ ನಾನು ಕೆಳಗೆ ಹೋಗ್ತೇನೆ."

ಮರುದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ನಡೆದದ್ದನ್ನು ಅವಳ ಬಾಯಿಂದಲೇ ಕೇಳಬೇಕು. "ಟೀಚರ್, ಟೈಂಟೇಬಲಿನಲ್ಲಿ ಗಣಿತ ಮೊದಲ ಮಹಡಿಯಲ್ಲಿ ಉಂಟಲ್ಲ?" ಎಂದರಂತೆ ಅವರು. "ಹಾಗಾದರೆ ಟೈಂಟೇಬಲನ್ನು ಕೆಳಗೆ ಇಳಿಸಿ ಸರ್, ನಾನು ಅಷ್ಟರೊಳಗೆ ಕಪ್ಪುಹಲಗೆ ಇಳಿಸ್ತೇನೆ," ಎಂದಳಂತೆ ಇವಳು.

ಆದರೆ ಕೆಳಗೆ ಒಂದು ಕೋಟೆ ಇತ್ತು. ಆ ಕೋಟೆಯ ದೊರೆ ವೆಲ್ಡಿಂಗ್ ಮಾಸ್ತರರು. ನದಿ ಕಡಲು ಸೇರುವಲ್ಲಿನ ಬೆಂಗ್ರೆಯವರು. ತಲೆತಲಾಂತರದಿಂದ ಕಡಲಿಗೆ ಇಳಿದ ಮನೆತನ. ಇವರೊಬ್ಬರು ಬಲೆ ಬಿಟ್ಟು ವೆಲ್ಡಿಂಗ್ ಹಿಡಿದಿದ್ದರು. ಕಡಿಮೆ ಮಾತು, ಗಟ್ಟಿ ಕೈ. ಶೆಡ್ಡಿನೊಳಗೆ ಇಸ್ತ್ರಿ ಮಾಡಿದ ಸೀರೆಯುಟ್ಟು ಚಾಕ್‌ಪೀಸಿನ ಡಬ್ಬಿ ಹಿಡಿದು ಬಂದ ಹೆಂಗಸನ್ನು ಕಂಡು ಅವರು ಮುಖವಾಡ ಮೇಲೆತ್ತಿದರು.

"ಟೀಚರ್, ಇಲ್ಲಿ ಕಿಡಿ ಹಾರ್ತದೆ. ಸೀರೆ ಸುಟ್ಟು ಹೋದೀತು."

"ಸೀರೆ ಹೋದರೆ ಹೋಗಲಿ ಮಾಸ್ಟ್ರೇ."

"ಸೀರೆ ಹೋಗುವಾಗ ಒಳಗೆ ನೀವೂ ಇರ್ತೀರಲ್ಲ!"

ನ್ಯಾಯವಾದ ಮಾತು. ಮಾವ್ಶಿ ಮನೆಗೆ ಬಂದು ಅಟ್ಟ ಹತ್ತಿದಳು. ಅವಳ ಗಂಡ, ನಮ್ಮ ಬಾಪ್ಪು, ಕುವೈಟಿನ ಎಣ್ಣೆ ಕಂಪೆನಿಯಲ್ಲಿ ದುಡಿದು ರಿಟೈರಾದವರು. ಅವರ ಹಳೆಯ ಬಾಯ್ಲರ್ ಸೂಟು ಟ್ರಂಕಿನಲ್ಲಿತ್ತು, ಕುತ್ತಿಗೆಯಿಂದ ಕಾಲಿನವರೆಗೆ ಒಂದೇ ತುಂಡು, ನೀಲಿ ಬಣ್ಣ. ಬಾಪ್ಪು ಆರಡಿ. ಮಾವ್ಶಿ ಅವರ ಹೆಗಲಿಗೂ ಬರುವುದಿಲ್ಲ. ಆದರೂ ಕೈ ಮಡಿಚಿ, ಕಾಲು ಮಡಿಚಿ, ಸೊಂಟಕ್ಕೆ ಬೆಲ್ಟು ಬಿಗಿದು, ಟೆನಿಸ್ ಶೂ ಹಾಕಿ, ಕುತ್ತಿಗೆಯಲ್ಲಿ ಶಿಲುಬೆಯ ಸರ ಸರಿಮಾಡಿಕೊಂಡು ಅವಳು ವರಾಂಡಕ್ಕೆ ಬಂದು ನಿಂತಳು. ಬಾಪ್ಪು ಪೇಪರು ಕೆಳಗಿಳಿಸಿ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲನೆ ಹೇಳಿದರು:

"ನಾನು ಅಷ್ಟು ವರ್ಷ ಮರುಭೂಮಿಯಲ್ಲಿ ಯಾಕೆ ಇದ್ದೆ ಅಂತ ಈಗ ಅರ್ಥ ಆಯಿತಾ?"

ಆ ವೇಷದಲ್ಲಿಯೇ ಅವಳು ಸಿಟಿ ಬಸ್ ಹತ್ತಿದಳು! ಕಂಡಕ್ಟರ್ ಸೀಟಿ ಬಾಯಲ್ಲಿಟ್ಟುಕೊಂಡವನು ಊದುವುದನ್ನು ಮರೆತ. "ಎಲ್ಲಿಗೆ ಬಾಯಮ್ಮ? ರಾಕೆಟ್ ಇಲ್ಲಿಂದ ಹೊರಡುವುದಿಲ್ಲ!" ಬಸ್ಸಿಡೀ ನಕ್ಕಿತು. ಮಾವ್ಶಿ ಸೀಟಿನಲ್ಲಿ ಭದ್ರವಾಗಿ ಕೂತು, "ಎಲ್ಲಿಂದ ಹೊರಟರೂ ನಿನ್ನ ಬಸ್ಸಿಗಿಂತ ಬೇಗ ಮುಟ್ಟೀತು. ರೈಟ್ ಹೇಳು," ಎಂದಳು. ಒಂದು ವಾರದೊಳಗೆ ಅದೇ ಕಂಡಕ್ಟರ್, "ಟೀಚರಿಗೆ ಜಾಗ ಬಿಡಿ, ಕಿಡಿ ಹಾರೀತು!" ಎಂದು ಅವಳಿಗೆ ಸೀಟು ಹಿಡಿದುಕೊಡತೊಡಗಿದ.

ಬಾಯ್ಲರ್ ಸೂಟು ಕಂಡು ವೆಲ್ಡಿಂಗ್ ಮಾಸ್ತರರಿಗೆ ನೆಪ ಇಲ್ಲವಾಯಿತು. ಆದರೂ ಅವರು ಒಳಗೆ ಬಿಟ್ಟುಕೊಂಡದ್ದು ಒಂದು ಒಪ್ಪಂದದ ಮೇಲೆ. ಒಪ್ಪಂದ ಮುಂದಿಟ್ಟದ್ದೂ ಮಾವ್ಶಿಯೇ.

"ನನಗೆ ವೆಲ್ಡಿಂಗ್ ಕಲಿಸಿ ಮಾಸ್ಟ್ರೇ. ಎಲ್ಲರ ಎದುರಿನಲ್ಲೇ ಕಲಿಸಿ."

"ಎಲ್ಲರ ಎದುರು ಎಂತಕ್ಕೆ? ಮಕ್ಕಳು ನಗ್ತಾರೆ."

"ನಗಲಿ. ತಪ್ಪು ಮಾಡಿದರೆ ಜೀವ ಹೋಗುವುದಿಲ್ಲ ಅಂತ ಅವರಿಗೂ ಗೊತ್ತಾಗಲಿ."

ಮಕ್ಕಳು ನಕ್ಕರು. ಹೊಟ್ಟೆ ಹಿಡಿದುಕೊಂಡು ನಕ್ಕರು! ಮಾವ್ಶಿಯ ಮೊದಲ ಬೆಸುಗೆ ಕೋಳಿ ಕೆದಕಿದ ಅಂಗಳದ ಹಾಗಿತ್ತು. ಎರಡನೆಯದರಲ್ಲಿ ರಾಡು ತಗಡಿಗೇ ಅಂಟಿಕೊಂಡು, ಬಿಡಿಸಲು ಮಾಸ್ತರರೇ ಓಡಿಬರಬೇಕಾಯಿತು. ಅವಳು ಮುಖವಾಡ ತೆಗೆದು, "ಫೇಲ್!" ಎಂದು ತಾನೇ ಘೋಷಿಸಿ, ಆ ತಗಡನ್ನು ಎಲ್ಲರಿಗೂ ಕಾಣುವ ಹಾಗೆ ಗೋಡೆಗೆ ನೇತುಹಾಕಿದಳು. "ಈಗ ನಿಮ್ಮ ಸರದಿ. ಇಂಥದ್ದೇ ತಗಡಿನಿಂದ ಸೈಕಲ್ ಕ್ಯಾರಿಯರಿಗೆ ಮೂಲೆಪಟ್ಟಿ ಮಾಡಬೇಕು. ಓರೆ ಪಟ್ಟಿ ಎಷ್ಟು ಉದ್ದ ಬೇಕು?" ಲೆಕ್ಕ ತಪ್ಪಿದವರು ತಪ್ಪಿದರು. ಆದರೆ ಯಾರೂ ಮಲಗಲಿಲ್ಲ. ವೆಲ್ಡಿಂಗ್ ಯಂತ್ರದ ಸದ್ದಿನಲ್ಲಿ ಮಲಗುವುದಾದರೂ ಹೇಗೆ?

ಈಗ ಹರಿಣಾಕ್ಷಿಯ ವಿಷಯ ಹೇಳಬೇಕು. ವೆಲ್ಡಿಂಗ್ ಕ್ಲಾಸಿನಲ್ಲಿದ್ದ ಒಬ್ಬಳೇ ಹುಡುಗಿ. ಅವಳೂ ಬೆಂಗ್ರೆಯವಳು; ಅಪ್ಪ ಬೋಟಿನಲ್ಲಿ ಹೋಗುತ್ತಾರೆ, ಅಮ್ಮ ಬುಟ್ಟಿ ಹೊತ್ತು ಪೇಟೆಯಲ್ಲಿ ಮೀನು ಮಾರುತ್ತಾರೆ. ಅವಳು ಹಾಕಿದ ಬೆಸುಗೆಯನ್ನು ನಾನು ನೋಡಿದ್ದೇನೆ. ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು, ಒಂದೇ ಅಳತೆ. ಆದರೆ ಹತ್ತನೆಯಲ್ಲಿ ಗಣಿತ ಅವಳನ್ನು ಮತ್ತೆ ಮತ್ತೆ ಕೆಡವಿತ್ತು. ಅಂಕಿ ಕಂಡರೆ ಅವಳ ಕೈ ಬೆವರುತ್ತಿತ್ತು. ಮನೆಯಲ್ಲಿ ಮಾತು ಆಗಿಹೋಗಿತ್ತು: ಈ ಸಲವೂ ಗಣಿತದಲ್ಲಿ ಹೋದರೆ ಓದು ಸಾಕು, ಮೀನು ಕತ್ತರಿಸುವ ಶೆಡ್ಡಿಗೆ ಹೋಗುವುದು. ಅವಳಿಗೋ ಬೋಟ್ ಕಟ್ಟುವ ಯಾರ್ಡಿನಲ್ಲಿ ಕೆಲಸ ಮಾಡುವ ಆಸೆ.

ಒಂದು ದಿನ ಹರಿಣಾಕ್ಷಿ ತಡವಾಗಿ ಬಂದಳು, ಕಣ್ಣು ಕೆಂಪಾಗಿತ್ತು. ಬೆಂಗ್ರೆಯಲ್ಲಿ ದೋಣಿಗಳು ಬಂದು ನಿಲ್ಲುವ ಸಣ್ಣ ದಕ್ಕೆಯಿಂದ ದೋಣಿಗೆ ಇಳಿಯುವಾಗ ಅವಳ ಅಮ್ಮ ಜಾರಿಬಿದ್ದಿದ್ದರು. ಮಣಿಕಟ್ಟು ಊದಿತ್ತು. ಬುಟ್ಟಿಯ ಬಂಗುಡೆ ಮೀನುಗಳೆಲ್ಲ ಬಂದ ದಾರಿಯಲ್ಲೇ ನೀರಿಗೆ ವಾಪಸಾಗಿದ್ದವು. ಕ್ಲಾಸಿನವರೆಲ್ಲ "ಅಯ್ಯೋ" ಎನ್ನುತ್ತಿದ್ದರೆ ಮಾವ್ಶಿ ಕೇಳಿದ ಮೊದಲ ಪ್ರಶ್ನೆ ಏನು ಗೊತ್ತೇ?

"ಆಗ ನೀರು ಎಷ್ಟು ಇಳಿದಿತ್ತು?"

ಎರಡನೆಯ ಪ್ರಶ್ನೆ, "ಅಮ್ಮನಿಗೆ ತುಂಬಾ ನೋವುಂಟಾ?" ಮಾವ್ಶಿಯ ಪ್ರೀತಿ ಯಾವಾಗಲೂ ಹೀಗೆಯೇ, ಲೆಕ್ಕದ ಹಿಂದಿನಿಂದ ಬರುತ್ತದೆ.

ದಕ್ಕೆಗೂ ದೋಣಿಗೂ ನಡುವೆ ಇದ್ದದ್ದು ಒಂದು ಗಿಡ್ಡ ಕಬ್ಬಿಣದ ಹಲಗೆ. ಭರತದ, ಅಂದರೆ ಉಬ್ಬರದ, ಹೊತ್ತಿನಲ್ಲಿ ನೀರು ದಕ್ಕೆಯ ಸಮಕ್ಕೆ ಬರುವಾಗ ಅದರ ಮೇಲೆ ಆರಾಮವಾಗಿ ನಡೆಯಬಹುದು. ಇಳಿತದಲ್ಲಿ ದೋಣಿ ಐದು ಅಡಿ ಕೆಳಗೆ ಹೋದಾಗ ಅದೇ ಹಲಗೆ ಮಕ್ಕಳ ಪಾರ್ಕಿನ ಜಾರುಬಂಡಿ! ಇದನ್ನೆಲ್ಲ ಹರಿಣಾಕ್ಷಿ ವಿವರಿಸುತ್ತಿದ್ದಾಗ ವೆಲ್ಡಿಂಗ್ ಮಾಸ್ತರರು ಬೇರೆ ಕಡೆ ನೋಡುತ್ತಾ ನಿಂತಿದ್ದರು. ಕೊನೆಗೆ ಗಂಟಲು ಸರಿಮಾಡಿಕೊಂಡರು.

"ಆ ಹಲಗೆ ನಾನು ಮಾಡಿದ್ದು ಟೀಚರ್. ನನ್ನ ಕಣ್ಣಳತೆ ಇಷ್ಟರವರೆಗೆ ತಪ್ಪಿದ್ದಿಲ್ಲ."

ಮಾವ್ಶಿ ಏನೋ ಚುಚ್ಚಿ ಹೇಳುತ್ತಾಳೆ ಎಂದು ಎಲ್ಲರೂ ಕಾದರು.

"ಕಣ್ಣಳತೆ ತಪ್ಪಲಿಲ್ಲ ಮಾಸ್ಟ್ರೇ. ನೀವು ನೋಡುವಾಗ ಭರತ ಇತ್ತು, ಅಷ್ಟೇ."

ಮಾಸ್ತರರು ಇಡೀ ವರ್ಷದಲ್ಲಿ ಮೊದಲ ಬಾರಿಗೆ ನಕ್ಕರಂತೆ. "ಹಾಗಾದರೆ ಎರಡೂ ಹೊತ್ತಿಗೆ ಆಗುವ ಹಾಗೆ ಮಾಡುವ," ಎಂದರು.

ಮುಂದಿನ ಪಾಠಗಳೆಲ್ಲ ಅದೇ ಆಯಿತು. ಇಡೀ ಕ್ಲಾಸು ಬೆಂಗ್ರೆಗೆ ಹೋಗಿ ಇಳಿತದಲ್ಲೊಮ್ಮೆ, ಭರತದಲ್ಲೊಮ್ಮೆ ಅಳೆಯಿತು. ಒಬ್ಬ ಅಡಿಯಲ್ಲಿ ಅಳೆದ, ಇನ್ನೊಬ್ಬ ಸೆಂಟಿಮೀಟರಿನಲ್ಲಿ ಅಳೆದ, ಮೂರನೆಯವನು ಎರಡನ್ನೂ ಕೂಡಿಸಿ ದಕ್ಕೆಯ ಎತ್ತರ ತೆಂಗಿನಮರದಷ್ಟೆಂದು ಸಾಧಿಸಿದ! ಅಂತೂ ಒಂದು ನಕ್ಷೆ ತಯಾರಾಯಿತು. ಡ್ರಮ್ಮುಗಳ ಮೇಲೆ ತೇಲುವ ಒಂದು ಕಟ್ಟೆ. ಅದು ಕಂಬಗಳ ನಡುವೆ ನೀರಿನೊಂದಿಗೆ ಏರುತ್ತದೆ, ಇಳಿಯುತ್ತದೆ. ದಕ್ಕೆಯಿಂದ ಆ ಕಟ್ಟೆಗೆ ಒಂದು ಉದ್ದ ಹಲಗೆ. ಮೇಲಿನ ತುದಿ ದಕ್ಕೆಗೆ ಬಿಜಾಗರಿಯಿಂದ ಕೂಡಿಸಿದ್ದು, ಕೆಳಗಿನ ತುದಿಗೆ ಚಕ್ರ. ಕಾಲು ಜಾರದಂತೆ ಅಡ್ಡಪಟ್ಟಿ, ಹಿಡಿಯಲು ಕೈಕಂಬಿ. ದೋಣಿ ಬಂದು ಕಟ್ಟೆಯ ಪಕ್ಕ ನಿಲ್ಲುತ್ತದೆ. ಹಲಗೆ ಹದಿಮೂರು ಅಡಿ ಇರಬೇಕೆಂದು ಮಕ್ಕಳ ಲೆಕ್ಕ ಹೇಳಿತು. "ಹದಿಮೂರಾ? ಹತ್ತುವುದು ದೋಣಿಗಾ, ಹಡಗಿಗಾ?" ಎಂದರು ಮಾಸ್ತರರು. ಗಿಡ್ಡ ಮಾಡಿದರೆ ಜಾರುತ್ತದೆ, ಉದ್ದ ಮಾಡಿದರೆ ನಡುವಿನಲ್ಲಿ ಬಗ್ಗುತ್ತದೆ. ಬಗ್ಗದ ಹಾಗೆ ಅಡಿಯಲ್ಲಿ ತ್ರಿಕೋನದ ಆಧಾರ ಕೊಡುವ ಉಪಾಯ ಕೊನೆಗೆ ಅವರೇ ಹೇಳಿಕೊಟ್ಟರು. ಹಳೆಯ ಬೋಟೊಂದನ್ನು ಒಡೆದಾಗ ಸಿಕ್ಕ ಕಬ್ಬಿಣವನ್ನು ದಕ್ಕೆಯವರು ಸಂತೋಷದಿಂದ ಕೊಟ್ಟರು.

ಸರಿಯಾಗಿ ಆ ಹೊತ್ತಿಗೆ ನಮ್ಮ ಮಾವ್ಶಿಗೆ ಏನೋ ಆಯಿತು. ಅವಳು ಮಾತಾಡುವುದನ್ನು ನಿಲ್ಲಿಸಿದಳು!

ಇದು ಎಂಥ ಸಂಕಟ ಎಂದು ನಿಮಗೆ ತಿಳಿಯಲಾರದು. ಅವಳು ಬರುತ್ತಿದ್ದಳು, ಸ್ಟೂಲಿನ ಮೇಲೆ ಕೂರುತ್ತಿದ್ದಳು, ಕರ್ಚೀಫನ್ನು ಬಾಯಿಗೆ ಒತ್ತಿಕೊಂಡು ಚಹಾ ತಣ್ಣಗಾಗುವವರೆಗೆ ಗೋಡೆ ನೋಡುತ್ತಿದ್ದಳು. ಅಮ್ಮ ಶುಂಠಿ ಕಷಾಯ ಮಾಡಿಕೊಟ್ಟಳು. ನಾನು ಬಿ.ಪಿ. ನೋಡಿದೆ, ಸರಿಯಿತ್ತು. ಬಾಪ್ಪು ಮಾತ್ರ, "ಅವಸರ ಮಾಡಬೇಡಿ. ಎರಡು ದಿನ ಹೀಗೇ ಇರಲಿ," ಎಂದು ಪೇಪರಿನ ಹಿಂದೆ ನೆಮ್ಮದಿಯಾಗಿದ್ದರು. ಭಾನುವಾರ ಪೂಜೆ ಮುಗಿದು ಚರ್ಚಿನ ಅಂಗಳಕ್ಕೆ ಬಂದಾಗ, ಯಾರೋ ಅವಳೆದುರಿಗೇ ಅರ್ಧಕ್ಕೂ ಮೂರನೆಯ ಒಂದಕ್ಕೂ ವ್ಯತ್ಯಾಸವೇ ಇಲ್ಲವೆಂಬಂತೆ ಕೇಕು ಕತ್ತರಿಸಿದರು. ಮಾವ್ಶಿ ತುಟಿ ಬಿಚ್ಚಲಿಲ್ಲ. ಅಮ್ಮ ಗಾಬರಿಯಾಗಿ ವಾಪಸು ಒಳಗೆ ಹೋಗಿ ಮೇಣದಬತ್ತಿ ಹಚ್ಚಿ ಬಂದಳು!

ಮದ್ದು ಕೊಟ್ಟವಳು ಹರಿಣಾಕ್ಷಿ. ಶೆಡ್ಡಿನಲ್ಲಿ ಕಬ್ಬಿಣ ಕತ್ತರಿಸಲು ಎಲ್ಲ ಸಿದ್ಧವಾಗಿತ್ತು. ಅವಳೊಬ್ಬಳು ನಕ್ಷೆಯ ಮುಂದೆ ನಿಂತೇ ಇದ್ದಳು.

"ಟೀಚರ್, ಇದು ಸರಿಯಾಗುವುದಿಲ್ಲ."

"ಯಾಕೆ?" ಎಂದಳು ಮಾವ್ಶಿ, ಕರ್ಚೀಫಿನ ಹಿಂದಿನಿಂದ.

ಹರಿಣಾಕ್ಷಿ ಮಾಡಿ ತೋರಿಸಿದಳು. ಒಂದು ಉದ್ದ ಸರಳನ್ನು ಎತ್ತಿ ಗೋಡೆಗೆ ಒರಗಿಸಿದಳು. ಮೇಲಿನ ತುದಿಯನ್ನು ಗೋಡೆಗುಂಟ ಮೆಲ್ಲನೆ ಕೆಳಗೆ ತಂದಳು. ಕೆಳಗಿನ ತುದಿ ನೆಲದ ಮೇಲೆ ಸರ್ರನೆ ಮುಂದೆ ಜಾರಿತು.

"ನೋಡಿ. ಎತ್ತರ ಕಡಿಮೆಯಾದ ಹಾಗೆ ಕಾಲು ಮುಂದೆ ಹೋಗ್ತದೆ. ಭರತ ಬಂದಾಗ ನಮ್ಮ ಚಕ್ರವೂ ಮುಂದೆ ಹೋಗ್ತದೆ. ನಾವು ಕಟ್ಟೆಯ ಮೇಲೆ ಅದಕ್ಕೆ ಅರ್ಧ ಅಡಿ ಜಾಗ ಮಾತ್ರ ಬಿಟ್ಟದ್ದು."

"ಎಷ್ಟು ಮುಂದೆ ಹೋಗ್ತದೆ?"

ಎಲ್ಲರೂ ಸುತ್ತ ನೆರೆದರು. ಹರಿಣಾಕ್ಷಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಚಾಕ್‌ಪೀಸು ಹಿಡಿದು, ಕಬ್ಬಿಣದ ತಗಡಿನ ಮೇಲೆಯೇ ಬರೆಯತೊಡಗಿದಳು. ಹದಿಮೂರರ ವರ್ಗ ನೂರ ಅರವತ್ತೊಂಬತ್ತು. ಅದರಿಂದ ಐದರ ವರ್ಗ ಇಪ್ಪತ್ತೈದು ಕಳೆದಳು. ನೂರ ನಲವತ್ತನಾಲ್ಕು. ಚಾಕ್‌ಪೀಸು ನಿಂತಿತು. "ಹನ್ನೆರಡು," ಎಂದಳು ತನ್ನಷ್ಟಕ್ಕೇ. ಆಮೇಲೆ ತಲೆಯೆತ್ತಿ ಗಟ್ಟಿಯಾಗಿ, "ಇಳಿತದಲ್ಲಿ ಹನ್ನೆರಡು ಅಡಿ ದೂರ. ಭರತದಲ್ಲಿ ಹಲಗೆ ಮಲಗ್ತದೆ, ಪೂರ್ತಿ ಹದಿಮೂರು. ಚಕ್ರಕ್ಕೆ ಒಂದು ಅಡಿ ಬೇಕು ಟೀಚರ್! ಇಲ್ಲದಿದ್ದರೆ ಚಕ್ರ ನೀರಿಗೆ!"

ಮಾವ್ಶಿ ಕರ್ಚೀಫನ್ನು ಬಾಯಿಂದ ಕಿತ್ತು ಗಾಳಿಯಲ್ಲಿ ಬೀಸಿದಳು.

"ಅಬ್ಬ! ನನಗೆ ವಾರದಿಂದ ಗೊತ್ತಿತ್ತು! ವಾರದಿಂದ! ಹೇಳಿಬಿಡ್ತೇನೆ ಅಂತ ಹೆದರಿ ಬಾಯಿಗೆ ಬಟ್ಟೆ ತುರುಕಿ ಕೂತಿದ್ದೆ! ಇನ್ನೊಂದು ದಿನ ಆಗಿದ್ದರೆ ನಾನು ಸತ್ತೇ ಹೋಗ್ತಿದ್ದೆ ಮಾರಾಯ್ತಿ!"

"ನನಗೆ ಗೊತ್ತಿರಲಿಲ್ಲ," ಎಂದರು ಮಾಸ್ತರರು, ತಗಡಿನ ಮೇಲಿನ ಲೆಕ್ಕವನ್ನೇ ನೋಡುತ್ತಾ. "ಟೀಚರ್, ಇದನ್ನು ನನಗೂ ಒಮ್ಮೆ ಹೇಳಿಕೊಡಿ." ಹೇಳಿಕೊಟ್ಟದ್ದು ಟೀಚರಲ್ಲ, ಹರಿಣಾಕ್ಷಿ.

ಅಂದು ಸಂಜೆ ಮಾವ್ಶಿ ನಮ್ಮ ಅಡುಗೆಮನೆಯಲ್ಲಿ ಒಂದು ವಾರದ ಬಾಕಿ ಮಾತನ್ನೆಲ್ಲ ಒಟ್ಟಿಗೆ ಆಡಿದಳು. ಅಮ್ಮ ನಡುವೆ ನನ್ನ ಕಿವಿಯಲ್ಲಿ, "ಆ ಮೇಣದಬತ್ತಿ ಸ್ವಲ್ಪ ಹೆಚ್ಚೇ ಕೆಲಸ ಮಾಡಿತು," ಎಂದಳು.

ಹಲಗೆ ಕೂರಿಸುವ ದಿನ ನಾನೂ ರಜೆ ಹಾಕಿ ಹೋದೆ. ಹುಣ್ಣಿಮೆಯ ಮರುದಿನ, ಬೆಳಗ್ಗಿನ ದೊಡ್ಡ ಇಳಿತ. ಊರಿನ ಅರ್ಧ ಜನ ದಕ್ಕೆಯ ಮೇಲಿದ್ದರು. ಬಿಜಾಗರಿಗೆ ಸರಳು ತೂರಿಸಿದರು, ಚಕ್ರ ಈಗ ಅಗಲ ಮಾಡಿದ ಕಟ್ಟೆಯ ಮೇಲೆ ಕೂತಿತು. ಸರಿ, ಮೊದಲು ನಡೆಯುವವರು ಯಾರು? ಹರಿಣಾಕ್ಷಿಯ ಅಮ್ಮನನ್ನು ಎಲ್ಲರೂ ಮುಂದೆ ತಳ್ಳಿದರು. ಅವರು ತುಳುವಿನಲ್ಲಿ ಖಡಾಖಂಡಿತವಾಗಿ, "ಯಾನ್ ಪೋಪುಜ್ಜಿ!" ಎಂದರು. ನಾನು ಹೋಗುವುದಿಲ್ಲ! ಮಣಿಕಟ್ಟಿನ ನೋವು ಅವರಿನ್ನೂ ಮರೆತಿರಲಿಲ್ಲ. ಹರಿಣಾಕ್ಷಿ ಹಲಗೆಯ ನಡುವಿಗೆ ಹೋಗಿ ನಿಂತು ಎರಡು ಸಲ ಹಾರಿದಳು. ಹಲಗೆ ಕದಲಲಿಲ್ಲ. ಅಮ್ಮ ಮಗಳನ್ನು ನೋಡಿದರು, ಹಲಗೆಯನ್ನು ನೋಡಿದರು, ಬುಟ್ಟಿ ತಲೆಗೇರಿಸಿದರು. ಇಳಿದರು. ಕೈಕಂಬಿ ಹಿಡಿಯದೆ! ಕೆಳಗೆ ಮುಟ್ಟಿ ತಿರುಗಿ, ಮತ್ತೆ ಮೇಲೆ ಬಂದು, ಇನ್ನೊಮ್ಮೆ ಇಳಿದರು. "ಎಡ್ಡೆ ಉಂಡು," ಎಂದರು. ಚೆನ್ನಾಗಿದೆ. ಆಮೇಲೆ ಸುಮ್ಮಸುಮ್ಮನೆ ಹತ್ತಿ ಇಳಿಯುವವರ ಸಾಲು ನೋಡಬೇಕಿತ್ತು! ದೋಣಿಗೆ ಹೋಗುವ ಕೆಲಸ ಯಾರಿಗೂ ಇರಲಿಲ್ಲ.

ಆದರೆ ನಿಜವಾದ ಪರೀಕ್ಷೆ ಭರತಕ್ಕೆ. ಬಿಸಿಲೇರಿದಂತೆ ನೀರೂ ಏರಿತು. ಕಟ್ಟೆ ಮೇಲೆ ಬಂತು, ಹಲಗೆ ಮಲಗುತ್ತಾ ಬಂತು, ಚಕ್ರ ಒಂದೊಂದೇ ಬೆರಳಿನಷ್ಟು ಮುಂದೆ ಉರುಳಿತು. ಇಡೀ ಕ್ಲಾಸು ಕಟ್ಟೆಯ ಮೇಲೆ ಬೋರಲಾಗಿ ಮಲಗಿ ಚಕ್ರವನ್ನೇ ನೋಡುತ್ತಿತ್ತು, ನಡುವಿನಲ್ಲಿ ನೀಲಿ ಬಾಯ್ಲರ್ ಸೂಟು. ನೀರು ನಿಂತಾಗ ಚಕ್ರವೂ ನಿಂತಿತು. ಅಂಚಿಗೆ ಇನ್ನೂ ಒಂದು ಅಂಗೈ ಅಗಲ ಉಳಿದಿತ್ತು. ಆ ಕ್ಷಣ ಎದ್ದ ಕೂಗಿಗೆ ನದಿಯಾಚೆಯ ಕಾಗೆಗಳೆಲ್ಲ ಹಾರಿದವು. ಮಾಸ್ತರರು ಮಾವ್ಶಿಯ ಕೈ ಕುಲುಕಿ, "ಟೀಚರ್, ನಾಳೆಯಿಂದ ಕಪ್ಪುಹಲಗೆ ಶೆಡ್ಡಿನಲ್ಲೇ ಇರಲಿ. ಮೇಲೆ ತೆಗೊಂಡು ಹೋಗುವುದು ಬೇಡ," ಎಂದರು. ಆ ದಿನ ನಾವು ತಿಂದ ಹುರಿದ ಮೀನಿಗೆ ಲೆಕ್ಕ ಇಟ್ಟವರಿಲ್ಲ, ಮಾವ್ಶಿ ಕೂಡ.

ಪರೀಕ್ಷೆಯ ದಿನ ಹರಿಣಾಕ್ಷಿ ಹೊರಗೆ ಬಂದದ್ದು ನಗುತ್ತಾ. "ಟೀಚರ್, ಗೋಡೆ ಮತ್ತು ಏಣಿಯ ಪ್ರಶ್ನೆ ಬಂದಿತ್ತು! ಅವರಿಗೆ ನಮ್ಮ ದಕ್ಕೆ ಗೊತ್ತುಂಟಾ?" ಫಲಿತಾಂಶ ಬಂದಾಗ ವೆಲ್ಡಿಂಗ್ ಕ್ಲಾಸಿಗೆ ಕ್ಲಾಸೇ ಪಾಸು. ಒಬ್ಬ ಮಾತ್ರ ಉಳಿದ. ಅವನು ಪರೀಕ್ಷೆಯ ದಿನ ವಾಲಿಬಾಲ್ ಪಂದ್ಯಕ್ಕೆ ಹೋಗಿದ್ದ, ಅಲ್ಲಿಯೂ ಸೋತಿದ್ದ! ಪ್ರಿನ್ಸಿಪಾಲರು ಸ್ವತಃ ಮಹಡಿ ಇಳಿದು ಶೆಡ್ಡಿಗೆ ಬಂದು ಎಲ್ಲರಿಗೂ ಲಾಡು ಹಂಚಿದರು. ಫಿಟ್ಟರ್ ಮಾಸ್ತರರೂ ಎಲೆಕ್ಟ್ರಿಷಿಯನ್ ಮಾಸ್ತರರೂ ಈಗ ಟೀಚರನ್ನು ತಮ್ಮ ಶೆಡ್ಡಿಗೆ ಮೊದಲು ಕಳಿಸಬೇಕೆಂದು ಜಗಳಾಡುತ್ತಿದ್ದಾರೆ. ಮಾವ್ಶಿ ಎರಡನೆಯ ಬಾಯ್ಲರ್ ಸೂಟು ಹೊಲಿಸಿದ್ದಾಳೆ. ಈ ಸಲ ಅವಳ ಅಳತೆಯದ್ದೇ.

ಹರಿಣಾಕ್ಷಿಗೆ ಬೋಟ್ ಯಾರ್ಡಿನಲ್ಲಿ ಕೆಲಸ ಸಿಕ್ಕಿತು. ಸುದ್ದಿ ಹೇಳಲು ಅವಳು ಒಂದು ಭಾನುವಾರ ಮನೆಗೆ ಬಂದಳು. ಬರಿಗೈಯಲ್ಲಿ ಬರುವುದುಂಟೇ, ಒಂದು ಚೀಲ ಬಂಗುಡೆ ತಂದಿದ್ದಳು. ನಮ್ಮ ಅಡುಗೆಮನೆಯಲ್ಲಿ ಅಮ್ಮನೊಂದಿಗೆ ತಾನೇ ಮೀನು ಶುಚಿ ಮಾಡಲು ಕೂತಳು. ಎಷ್ಟು ಸೆಖೆಯಿತ್ತೆಂದರೆ ಫ್ಯಾನಿನಿಂದಲೂ ಬಿಸಿಗಾಳಿ. ಆದರೂ ಅವಳು ಮಣಿಕಟ್ಟಿನವರೆಗೆ ತೋಳು ಇರುವ ಚೂಡಿದಾರ ಹಾಕಿಕೊಂಡಿದ್ದಳು. ತೋಳು ಮೀನಿನ ನೀರಿನಲ್ಲಿ ಅದ್ದುತ್ತಿತ್ತು.

"ತೋಳು ಮೇಲೆ ಮಾಡು ಮಗಾ, ಒದ್ದೆಯಾಗ್ತದೆ," ಎಂದಳು ಅಮ್ಮ.

"ಬೇಡ ಆಂಟಿ, ಅಡ್ಡಿಯಿಲ್ಲ." ಇನ್ನೊಂದು ಬಂಗುಡೆ ಎತ್ತಿಕೊಂಡು, ತಲೆ ತಗ್ಗಿಸಿಕೊಂಡೇ ಹೇಳಿದಳು: "ಕೈಯಲ್ಲೆಲ್ಲ ಕಿಡಿಯ ಕಲೆ. ಹೆಣ್ಣು ನೋಡಲು ಬರುವವರು ಎಂತ ಹೇಳಿಯಾರು ಅಂತ ಮನೆಯಲ್ಲಿ ಚಿಂತೆ."

ನಾನು ಬಾಯಿ ತೆರೆದೆ. ಸುಟ್ಟಗಾಯಕ್ಕೆ ಹಚ್ಚುವ ಮುಲಾಮುಗಳ ಹೆಸರೆಲ್ಲ ನನಗೆ ಬಾಯಿಪಾಠ. ಆದರೆ ಮಾವ್ಶಿ ನನಗಿಂತ ಮೊದಲು ಸ್ಟೂಲಿನಿಂದ ಇಳಿದು ಅವಳ ಪಕ್ಕ ನೆಲದಲ್ಲಿ ಕೂತಳು. ಹುಡುಗಿಯ ಒದ್ದೆ ತೋಳನ್ನು ಮೊಣಕೈವರೆಗೆ ಮಡಿಚಿದಳು. ಆಮೇಲೆ ತನ್ನ ತೋಳನ್ನೂ ಮಡಿಚಿ ಪಕ್ಕದಲ್ಲಿಟ್ಟಳು. ಒಂದು ಎಳೆಯ ಕೈ, ಒಂದು ಸುಕ್ಕುಗಟ್ಟಿದ ಕೈ. ಎರಡರ ಮೇಲೂ ಎಳ್ಳು ಚೆಲ್ಲಿದ ಹಾಗೆ ಅದೇ ಸಣ್ಣ ಸಣ್ಣ ಕಪ್ಪು ಚುಕ್ಕಿಗಳು. ಅವಳ ಕೈಯಲ್ಲಿ ಅಷ್ಟಿವೆಯೆಂದು ದಿನವೂ ಅವಳನ್ನು ನೋಡುವ ನನಗೇ ಗೊತ್ತಿರಲಿಲ್ಲ.

"ನನ್ನದೇ ಜಾಸ್ತಿ ಉಂಟು, ಬೇಕಾದರೆ ನೋಡು," ಎಂದಳು ಮಾವ್ಶಿ. ಬೆರಳಿಟ್ಟು ಎಣಿಸತೊಡಗಿದಳು. "ಒಂದು, ಎರಡು, ಮೂರು, ನಾಲ್ಕು..."

ಹರಿಣಾಕ್ಷಿ ಮೊದಲು ನಕ್ಕಳು. ನಗುತ್ತಾ ನಗುತ್ತಾ ಅವಳ ಕಣ್ಣಿನಿಂದ ನೀರು ಬಂತು. ಹುರುಪೆ ಅಂಟಿದ ಬೆರಳುಗಳಿಂದಲೇ ಮಾವ್ಶಿಯ ಅಂಗೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಮಾವ್ಶಿಯ ಎಣಿಕೆ ನಿಂತಿತು. ತುಟಿ ಅಲ್ಲಾಡಿತು, ಅಂಕಿ ಬರಲಿಲ್ಲ.

"ಎಷ್ಟಾಯಿತು ಟೀಚರ್?" ಎಂದಳು ಹರಿಣಾಕ್ಷಿ.

"ತಪ್ಪಿಹೋಯಿತು ಮಾರಾಯ್ತಿ," ಎಂದಳು ಮಾವ್ಶಿ, ಕೈ ಬಿಡಿಸಿಕೊಳ್ಳದೆ. "ಇರಲಿ ಬಿಡು."